ಮಂಜಿನ ಊರಿನಲ್ಲಿ ಮತ್ತೆ ಮೂರನೇ ಕ್ಲಾಸು

ತಳಿ ರಸ್ತೆಯ ಬಸ್ಸು

ಇಟಲಿಯಿಂದ ಬಂದ ಮೇಲೆ ಊರಿನಲ್ಲಿ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ: ಚಳಿ ಹೇಗಿತ್ತು, ಊಟಕ್ಕೇನು ಮಾಡಿದಿರಿ. ಚಳಿಯೂ ಇತ್ತು, ಊಟವೂ ಇತ್ತು. ಆದರೆ ಆ ಮೂರು ವಾರಗಳನ್ನು ನೆನೆದರೆ ನನ್ನ ಕಣ್ಣಿಗೆ ಮೊದಲು ಬರುವುದು ಮಂಜು. ಆ ಮಂಜಿನೊಳಗಿಂದ ನಿಧಾನವಾಗಿ ಒಂದೊಂದೇ ಮುಖ ಮೂಡುತ್ತದೆ, ಎಲ್ಲಿಂದಲೋ ಸೈಕಲ್ ಬೆಲ್ ಕೇಳಿಸುತ್ತದೆ, ಯಾರೋ ನನ್ನ ಕೈ ಹಿಡಿದು ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂರಿಸುತ್ತಾರೆ.

ನಾನು ಗಡಿಯಾಚೆ ತಮಿಳು ಸೀಮೆಯ ಹೊಸೂರಿನ ಆಲಸನತ್ತಂನಲ್ಲಿ ಮನೆ ಮಾಡಿಕೊಂಡಿರುವವಳು. ನಮ್ಮ ಯಜಮಾನರು ಕೋಲಾರದ ಕಡೆಯವರು, ಇಲ್ಲಿನ ಒಂದು ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ನಾನು ತಳಿ ರಸ್ತೆಯ ಬಸ್ಸು ಹಿಡಿದು ಹೋಗಬೇಕಾದ, ಜವಳಗಿರಿಯ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಎರಡು ಮತ್ತು ಮೂರನೇ ಕ್ಲಾಸಿನ ಟೀಚರ್. ನಮ್ಮ ಮಕ್ಕಳು ಮನೆಯಲ್ಲಿ ತೆಲುಗೋ ಕನ್ನಡವೋ ಆಡುತ್ತಾರೆ, ಅಂಗಡಿಯಲ್ಲಿ ತಮಿಳು, ಜಗಳಕ್ಕೆ ಮೂರೂ. ರಾಗಿ ತೆನೆ ಬಲಿಯುವ ಕಾಲದಲ್ಲಿ ಆನೆಗಳು ಕಾಡಿನಿಂದ ಇಳಿದು ಬಂದರೆ ಶಾಲೆಗೆ ರಜೆ.

ಆ ಶಾಲೆಯಲ್ಲಿ ಪವಿತ್ರ ಎಂಬ ಎಂಟು ವರ್ಷದ ಹುಡುಗಿ ಇದ್ದಳು. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣದು. ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುತ್ತಿತ್ತು. ತಾಯಿ ಮುನಿರತ್ನಮ್ಮ ಗುಲಾಬಿ ತೋಟದಲ್ಲಿ ಕೂಲಿ. ಕೆಲಸಕ್ಕೆ ಹೋಗುವಾಗ ಮಗಳನ್ನು ತಂದು ಮುಂದಿನ ಸಾಲಿನಲ್ಲಿ ಕೂರಿಸಿ ಹೋಗುತ್ತಿದ್ದಳು. ಪದ್ಯ ಹೇಳಿಕೊಟ್ಟರೆ ಎಲ್ಲರಿಗಿಂತ ಮೊದಲು ಒಪ್ಪಿಸುವವಳು ಪವಿತ್ರ. ನಾನು ಬೋರ್ಡಿನ ಕಡೆ ತಿರುಗಿದೊಡನೆ ಅವಳ ಪಾಠ ಮುಗಿಯುತ್ತಿತ್ತು. ಸೀಮೆಸುಣ್ಣದ ಸದ್ದು ಕೇಳುತ್ತ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರಂತೆ ಕೂತಿರುತ್ತಿದ್ದಳು. ಹೀಗೆ ಎರಡು ವರ್ಷ ಕಳೆಯಿತು.

ಹೊರಡುವ ಹಿಂದಿನ ತಿಂಗಳು ನಾನು ಮುನಿರತ್ನಮ್ಮನನ್ನು ಕರೆಸಿ, ದೂರದ ಪಟ್ಟಣದಲ್ಲಿ ಕಣ್ಣು ಕಾಣದ ಮಕ್ಕಳಿಗೆಂದೇ ಹಾಸ್ಟೆಲ್ ಇರುವ ಶಾಲೆಯಿದೆ, ಸಂಕ್ರಾಂತಿ ಕಳೆದ ಮೇಲೆ ಅಲ್ಲಿಗೆ ಸೇರಿಸು ಎಂದೆ. ಅವಳು, “ನೀವು ಯೋಳಿದ್ರೆ ಸರಿ ಟೀಚರಮ್ಮ” ಎಂದಳು. ನನಗೆ ಭಾರ ಇಳಿಸಿದಂತಾಯಿತು. ಅದು ಯಾರ ಭಾರ ಎಂದು ಆಗ ಕೇಳಿಕೊಳ್ಳಲಿಲ್ಲ.

ಹೊಸೂರಿನಲ್ಲಿ ಶಿಕ್ಷಕರ ನಡುವೆ ಕೆಲಸ ಮಾಡುವ ಒಂದು ಸ್ವಯಂಸೇವಾ ಗುಂಪು ಇತ್ತು. ಇಟಲಿಯ ಕೆಲವು ಶಿಕ್ಷಕರಿಗೂ ಅವರಿಗೂ ಸ್ನೇಹ. ಎಲ್ಲ ಬಗೆಯ ಮಕ್ಕಳೂ ಒಂದೇ ಕ್ಲಾಸಿನಲ್ಲಿ ಕಲಿಯುವುದು ಹೇಗೆಂದು ನೋಡಿ ಬರಲು ಇಬ್ಬರನ್ನು ಕಳಿಸುವುದೆಂದಾಯಿತು. ನನ್ನ ಜೊತೆ ಬರಬೇಕಿದ್ದ ಕೃಷ್ಣಗಿರಿಯ ಹೆಡ್‌ಮಾಸ್ಟರಿಗೆ ಪಾಸ್‌ಪೋರ್ಟು ಸಮಯಕ್ಕೆ ಬರಲಿಲ್ಲ. ವಿಮಾನವನ್ನು ಆಕಾಶದಲ್ಲಿ ಮಾತ್ರ ನೋಡಿದ್ದ ನಾನು ಒಬ್ಬಳೇ ಹೊರಟೆ.

ಬೇರೆ ಊರಿನಲ್ಲಿ ಇಳಿದದ್ದು

ಇಳಿಯಬೇಕಾಗಿದ್ದದ್ದು ಬೊಲೊನ್ಯಾದಲ್ಲಿ. ಅಲ್ಲಿ ಮಂಜು ಕವಿದಿದೆ ಎಂದು ವಿಮಾನ ಬೆಟ್ಟಗಳ ಆಚೆಯ ಪೀಸಾಕ್ಕೆ ಹೋಗಿ ಇಳಿಯಿತು. ಮೈಕಿನಲ್ಲಿ ಹೇಳಿದ್ದು ನನಗೆ ತಿಳಿಯಲಿಲ್ಲ. ಎಲ್ಲರೂ ಎದ್ದರು, ನಾನೂ ಎದ್ದೆ. ಹೊರಗೆ ಒಳ್ಳೆಯ ಬಿಸಿಲು. ನನ್ನ ಹೆಸರು ಬರೆದ ಹಲಗೆ ಹಿಡಿದು ಯಾರಾದರೂ ನಿಂತಿರುತ್ತಾರೆ ಎಂದು ಬಾಗಿಲ ಬಳಿ ಕಾದೆ. ಅದೇ ಹೊತ್ತಿಗೆ ಮಾರ್ತಾ ಎಂಬ ಶಿಕ್ಷಕಿ ನನ್ನ ಹೆಸರಿನ ಹಲಗೆ ಹಿಡಿದು ಬೊಲೊನ್ಯಾದಲ್ಲಿ ಕಾಯುತ್ತಿದ್ದಳೆಂದು ಆಮೇಲೆ ತಿಳಿಯಿತು.

ಕಸ್ಟಮ್ಸಿನ ಅಧಿಕಾರಿಯೊಬ್ಬ ನನ್ನ ಚೀಲದಿಂದ ರಾಗಿ ಹಿಟ್ಟಿನ ಪೊಟ್ಟಣ ತೆಗೆದು ಇದೇನು ಎಂಬಂತೆ ಹುಬ್ಬು ಏರಿಸಿದ. ರಾಗಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಆ ಗಳಿಗೆಯಲ್ಲಿ ಮರೆತುಹೋಯಿತು. ಎರಡು ಕೈಗಳಿಂದ ಮುದ್ದೆ ಕಟ್ಟಿ ನುಂಗಿ ತೋರಿಸಿದೆ. ಆತ ಬೆರಳ ತುದಿಗೆ ಚೂರು ಹಚ್ಚಿಕೊಂಡು ನೆಕ್ಕಿ, ಪಕ್ಕದವನಿಗೂ ನೆಕ್ಕಿಸಿ, ಇಬ್ಬರೂ ಗಂಭೀರವಾಗಿ ತಲೆಯಾಡಿಸಿ ನನ್ನನ್ನು ಬಿಟ್ಟರು. ಈ ದೇಶದಲ್ಲಿ ಕೈಯಲ್ಲಿ ಮಾತಾಡಿದರೆ ನಡೆಯುತ್ತದೆ ಎಂದು ಅಲ್ಲೇ ಗೊತ್ತಾಯಿತು.

ಬಸ್ಸಿನಲ್ಲಿ ನಮ್ಮನ್ನು ಬೆಟ್ಟ ಹತ್ತಿಸಿ ಕರೆದೊಯ್ದರು. ಒಂದಾದ ಮೇಲೊಂದು ಸುರಂಗ. ಕೊನೆಯ ಸುರಂಗದಿಂದ ಹೊರಬಂದಾಗ ಬಿಸಿಲು ಇರಲಿಲ್ಲ, ರಸ್ತೆಯೂ ಇರಲಿಲ್ಲ. ಬಸ್ಸು ಹಾಲಿನ ಪಾತ್ರೆಯೊಳಗೆ ಇಳಿದಂತೆ ಇಳಿಯಿತು. ನಮ್ಮ ತಳಿಯ ಕಡೆಯೂ ಡಿಸೆಂಬರಿನಲ್ಲಿ ಮಂಜು ಬೀಳುತ್ತದೆ, ಬೆಳಗಿನ ಬಸ್ಸು ಲೈಟು ಹಾಕಿಕೊಂಡು ಬರುತ್ತದೆ. ಹತ್ತು ಗಂಟೆಗೆಲ್ಲ ಅದು ಎದ್ದು ಹೋಗುತ್ತದೆ. ಇಲ್ಲಿನ ಮಂಜು ಎದ್ದು ಹೋಗುವಂಥದ್ದಲ್ಲ. ನಾನು ಇಪ್ಪತ್ತೊಂದು ದಿನ ಇದ್ದ ಆ ಸಣ್ಣ ಊರನ್ನು ಇಡಿಯಾಗಿ ಒಮ್ಮೆಯೂ ನೋಡಲಿಲ್ಲ. ಒಂದು ಕಂಬ, ಒಂದು ಬಾಗಿಲು, ಒಂದು ಗಂಟೆಯ ಸದ್ದು ಎಂದು ಬಿಡಿಬಿಡಿಯಾಗಿ ಮಾತ್ರ ನನಗೆ ಸಿಕ್ಕಿತು.

ಈನೆಸ್ ಅಜ್ಜಿಯ ಅಡುಗೆಮನೆ

ನನಗೆ ಉಳಿಯಲು ಕೊಟ್ಟದ್ದು ಈನೆಸ್ ಎಂಬ ಎಂಬತ್ತು ದಾಟಿದ ಅಜ್ಜಿಯ ಮನೆ. ಅಜ್ಜಿಯನ್ನು ನೋಡಿಕೊಳ್ಳಲು ಸೆಲ್ವಿ ಎಂಬ ಹೆಂಗಸು ಇದ್ದಳು. ಶ್ರೀಲಂಕಾದ ಯಾಳ್ಪಾಣದ ತಮಿಳಿನವಳು. ಮಾರ್ತಾ ನನ್ನನ್ನು ಈ ಮನೆಯಲ್ಲಿ ಇರಿಸಿದ್ದೇ ಸೆಲ್ವಿಯ ತಮಿಳು ನನಗೆ ತಿಳಿಯುತ್ತದೆ ಎಂಬ ಧೈರ್ಯದಿಂದ. ಮೊದಲ ದಿನ ಸೆಲ್ವಿ, “ಅಕ್ಕಾ, ಊಟ ಆಗಲಿ, ಆಮೇಲೆ ಕದೈಪ್ಪೋಮ್” ಎಂದಳು. ಕತೆ ಹೇಳುತ್ತಾಳೆಂದು ನಾನು ಊಟ ಮುಗಿಸಿ ಕಾದು ಕೂತೆ. ಅವರ ಕಡೆ ಆ ಮಾತಿಗೆ ಬರೀ ಮಾತಾಡುವುದು ಎಂದು ಅರ್ಥವಂತೆ. ನನ್ನ ಹೊಸೂರಿನ ತಮಿಳು ಅವಳಿಗೆ ಅರ್ಧ ತೆಲುಗಿನಂತೆ ಕೇಳಿಸುತ್ತಿತ್ತು. ಆದರೂ ಎರಡು ದಿನದಲ್ಲಿ ಅಕ್ಕತಂಗಿಯರಾದೆವು.

ಅಜ್ಜಿ ಒಂದು ಸಂಜೆ ತಾಮ್ರದ ಪಾತ್ರೆಯಲ್ಲಿ ನೀರು ಕುದಿಸಿ, ಮುಸುಕಿನ ಜೋಳದ ಹಿಟ್ಟು ಸುರಿದು, ಉದ್ದನೆಯ ಕೋಲಿನಿಂದ ತಿರುವತೊಡಗಿದರು. ನಾನು ಎದ್ದು ನಿಂತೆ. ಥೇಟ್ ನಮ್ಮ ಮುದ್ದೆ ತಿರುವುವ ಭಂಗಿ. ಪಾತ್ರೆಯನ್ನು ಪಾದಗಳ ನಡುವೆ ಇಟ್ಟುಕೊಂಡಿರಲಿಲ್ಲ, ಅಷ್ಟೇ ವ್ಯತ್ಯಾಸ. ಹಲಗೆಯ ಮೇಲೆ ಅದನ್ನು ಹಳದಿ ಚಂದ್ರನಂತೆ ಸುರುವಿ, ಆರಿದ ಮೇಲೆ ದಾರದಿಂದ ಕೊಯ್ದರು. ಪೊಲೆಂತಾ ಎಂದರು. ಮರುದಿನ ನಾನು ಮುದ್ದೆ ಮಾಡಿದೆ. ಅಜ್ಜಿ ಅದನ್ನು ಜಗಿದರು. ಜಗಿಯಬಾರದು, ನುಂಗಬೇಕು ಎಂದು ಸೆಲ್ವಿ ಹೇಳಿದಾಗ, ಹಲ್ಲಿರುವವರೆಗೂ ನುಂಗುವುದಿಲ್ಲ ಎಂದರಂತೆ.

ಅಲ್ಲಿನವರ ಕೆಲವು ಅಭ್ಯಾಸಗಳು ನನಗೆ ಕನಸಿನೊಳಗಿನ ನಡವಳಿಕೆಯಂತೆ ಕಂಡವು. ಕಾಫಿಯನ್ನು ಗುಬ್ಬಿಗೆ ಇಡುವಷ್ಟು ಕೊಡುತ್ತಾರೆ, ನಿಂತೇ ಒಂದು ಗುಟುಕಿಗೆ ಕುಡಿದು ಹೋಗುತ್ತಾರೆ. ಅಂಗಡಿಗೆ ಹೊಕ್ಕವರು ಒಳಗಿರುವ ಗುರುತಿಲ್ಲದವರಿಗೆಲ್ಲ ನಮಸ್ಕಾರ ಹೇಳುತ್ತಾರೆ. ಎಪ್ಪತ್ತು ವರ್ಷದ ಹೆಂಗಸರು ಉದ್ದ ಕೋಟು ಹಾಕಿಕೊಂಡು ಮಂಜಿನಲ್ಲಿ ಸೈಕಲ್ ಬಿಡುತ್ತಾರೆ. ಬೆಲ್ ಮೊದಲು ಬರುತ್ತದೆ, ಆಮೇಲೆ ಟೋಪಿ, ಕೊನೆಗೆ ಚಕ್ರ. ನೋಡುವಷ್ಟರಲ್ಲಿ ಎಲ್ಲವೂ ಕರಗಿಹೋಗಿರುತ್ತದೆ.

ಮೊದಲ ವಾರ, ಹಿಂದಿನ ಸಾಲು

ಮಾರ್ತಾ ತನ್ನ ಮೂರನೇ ಕ್ಲಾಸಿನಲ್ಲಿ ನನಗೆ ಹಿಂದಿನ ಸಾಲಿನಲ್ಲಿ ಒಂದು ಜಾಗ ಕೊಟ್ಟಳು. ಕುರ್ಚಿ ಎಷ್ಟು ಚಿಕ್ಕದೆಂದರೆ ನನ್ನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ನನ್ನ ಪಕ್ಕದಲ್ಲಿ ಸೋಫಿಯಾ ಎಂಬ ಹುಡುಗಿ. ಅವಳಿಗೂ ಎಂಟು ವರ್ಷ, ಅವಳಿಗೂ ಕಣ್ಣು ಕಾಣದು. ಪಕ್ಕದಲ್ಲಿ ಯಾರೋ ಹೊಸಬರು ಕೂತರೆಂದು ತಿಳಿದು ಅವಳು ನನ್ನ ಸೀರೆಯ ಸೆರಗನ್ನು ಮುಟ್ಟಿದಳು. ಕೊನೆ ಎಲ್ಲಿದೆ ಎಂದು ಹುಡುಕುತ್ತ ಎಳೆದಳು. ನಾನು ಸೆರಗು ಹಿಡಿದುಕೊಳ್ಳಬೇಕಾಯಿತು. ಐದೂವರೆ ಮೀಟರ್ ಬಟ್ಟೆಯನ್ನು ಒಬ್ಬರು ಸುತ್ತಿಕೊಂಡಿದ್ದಾರೆ ಎಂಬ ಸುದ್ದಿ ಆ ದಿನವೇ ಶಾಲೆಯೆಲ್ಲ ಹರಡಿತು.

ಎರಡನೇ ದಿನ ಮಾರ್ತಾ ರಜೆಯಲ್ಲಿದ್ದಳು. ಅವಳ ಬದಲಿಗೆ ಬಂದ ವಯಸ್ಸಾದ ಮೇಷ್ಟ್ರು ಒಳ್ಳೆಯವರು, ಆದರೆ ಬೋರ್ಡಿಗೇ ಪಾಠ ಮಾಡುವವರು. ಬರೆದರು, ಮಾತಾಡಿದರು, ಮತ್ತೆ ಬರೆದರು. ಮಕ್ಕಳು ಬರೆದುಕೊಂಡರು. ನನಗೆ ಒಂದು ಪದವೂ ತಿಳಿಯದು. ಮೊದಲ ಅರ್ಧ ಗಂಟೆ ಕಿವಿಗೊಟ್ಟು ಕೇಳಿದೆ. ಆಮೇಲೆ ಮೇಷ್ಟ್ರ ದನಿ ಮಳೆಯ ಸದ್ದಿನಂತಾಯಿತು. ಕಿಟಕಿಯಲ್ಲಿ ಮಂಜು. ಕೈಗಳಿಗೆ ಏನೂ ಕೆಲಸವಿರಲಿಲ್ಲ. ನೋಡಿಕೊಂಡರೆ ಎರಡೂ ನನ್ನ ತೊಡೆಯ ಮೇಲೆ, ಒಂದರ ಮೇಲೊಂದು ಕೂತಿದ್ದವು.

ಆ ಕೈಗಳನ್ನು ನಾನು ಗುರುತಿಸಿದೆ. ಎರಡು ವರ್ಷ ದಿನವೂ ಅವನ್ನು ನನ್ನ ಕ್ಲಾಸಿನ ಮುಂದಿನ ಸಾಲಿನಲ್ಲಿ ನೋಡಿದ್ದೆ. ಆ ಮಗು ಶಾಂತ ಸ್ವಭಾವದ್ದು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಮೇಷ್ಟ್ರು ನನ್ನ ಕಡೆ ತಿರುಗಿ ಮುಗುಳ್ನಕ್ಕರು. ನಾನೂ ಶಾಂತವಾಗಿ ನಕ್ಕೆ.

ನದಿಯ ದಿನ

ಮಾರ್ತಾ ವಾಪಸು ಬಂದ ದಿನ ಪೋ ನದಿಯ ಪಾಠ. ಅವಳು ಪುಸ್ತಕ ತೆರೆಯಲಿಲ್ಲ. ಮಕ್ಕಳ ಶೂ ಬಿಚ್ಚಿಸಿದಳು, ನನ್ನದನ್ನೂ ಬಿಚ್ಚಿಸಿದಳು. ಆಟದ ಕೋಣೆಯ ಒಂದು ಮೂಲೆಯಲ್ಲಿ ದಿಂಬುಗಳನ್ನು ಒಟ್ಟಿ ಬೆಟ್ಟ ಮಾಡಿದ್ದರು. ಅದರ ಬುಡದಿಂದ ದಪ್ಪ ಹಗ್ಗವೊಂದು ಹೊರಟು, ಕಾರಿಡಾರು ದಾಟಿ, ಮೆಟ್ಟಿಲಿನ ಹತ್ತಿರದವರೆಗೂ ಅಂಕುಡೊಂಕಾಗಿ ಹರಿದಿತ್ತು. ಮೇಲಿನಿಂದ, ಕೆಳಗಿನಿಂದ ಬಂದು ಸೇರುವ ಹೊಳೆಗಳಿಗೆ ಉಣ್ಣೆಯ ದಾರ. ಮಕ್ಕಳು ಸಾಲಾಗಿ ಹಗ್ಗವನ್ನು ಪಾದದಲ್ಲಿ ಹಿಡಿದು ನಡೆಯಬೇಕು. ಕೆಲವರು ಕಣ್ಣು ಮುಚ್ಚಿದರು, ಕೆಲವರು ಮುಚ್ಚಲಿಲ್ಲ, ಯಾರೂ ಬಲವಂತ ಮಾಡಲಿಲ್ಲ.

ನನ್ನ ಪಾಲಿಗೆ ಸೋಫಿಯಾ ಬಂದಳು. ನನ್ನ ಕೈ ಹಿಡಿದು ಬೆಟ್ಟದಿಂದ ಇಳಿಸಿದಳು. ಹಗ್ಗಕ್ಕೆ ದಾರ ಸೇರುವಲ್ಲೆಲ್ಲ ನಿಂತು ಪಾದದಿಂದ ತಟ್ಟಿ ಒಂದು ಹೆಸರು ಹೇಳುತ್ತಿದ್ದಳು. ನಾನೂ ಹೇಳುವವರೆಗೆ ಮುಂದೆ ಬಿಡುತ್ತಿರಲಿಲ್ಲ. ದಾರಿಯಲ್ಲಿ ಬಟ್ಟಲುಗಳಿದ್ದವು. ಒಂದರಲ್ಲಿ ಕೈ ಹಾಕಿದರೆ ಅಕ್ಕಿ. ಇಟಲಿಯಲ್ಲಿ ಗದ್ದೆಗಳಿವೆಯೆಂದು ನನಗೆ ಗೊತ್ತಾದದ್ದು ಹಾಗೆ. ಇನ್ನೊಂದರಲ್ಲಿ ಚೀಸ್, ಮತ್ತೊಂದರಲ್ಲಿ ಒದ್ದೆ ಮಣ್ಣು. ಕೊನೆಯಲ್ಲಿ ಹಗ್ಗ ಐದಾರು ಎಳೆಯಾಗಿ ಬಿಚ್ಚಿಕೊಂಡು ಒಂದು ಅಗಲವಾದ ತಟ್ಟೆಯೊಳಗೆ ಬಿದ್ದಿತ್ತು. ಸೋಫಿಯಾ ನನ್ನ ಬೆರಳನ್ನು ಅದರಲ್ಲಿ ಅದ್ದಿ ಬಾಯಿಗೆ ತೋರಿಸಿದಳು. ಉಪ್ಪು. ಸಮುದ್ರ.

ಇಟಾಲಿಯನ್ನಿನ ಒಂದು ವಾಕ್ಯವೂ ಬಾರದ ನಾನು ಆ ನದಿಯನ್ನು ಇವತ್ತಿಗೂ ಬೆಟ್ಟದಿಂದ ಕಡಲಿನವರೆಗೆ ಹೇಳಬಲ್ಲೆ. ಸೋಫಿಯಾಗೆಂದು ಇಷ್ಟೆಲ್ಲ ಮಾಡಿದಿರಾ ಎಂದು ಮಾರ್ತಾಳನ್ನು ಕೇಳಿದೆ. ಅವಳ ಇಂಗ್ಲಿಷೂ ನನ್ನದರಂತೆ ಕುಂಟುವಂಥದ್ದು. ಯೋಚಿಸಿ ಯೋಚಿಸಿ ಹೇಳಿದಳು: “ಪಾಠ ಸಿದ್ಧವಾದ ಮೇಲೆ ಸೋಫಿಯಾಗೆ ಏನು ಕೊಡಲಿ ಎಂದು ಹುಡುಕುತ್ತಿದ್ದೆ, ಮೊದಲ ವರ್ಷ. ಸಾಕಾಗಲಿಲ್ಲ. ಈಗ ಪಾಠ ಯೋಚಿಸುವಾಗಲೇ ಎಲ್ಲರನ್ನೂ ಎದುರಿಗೆ ಕೂರಿಸಿಕೊಳ್ಳುತ್ತೇನೆ. ಈ ಸಲ ನಿಮ್ಮನ್ನೂ ಕೂರಿಸಿಕೊಂಡಿದ್ದೆ.”

ಆಮೇಲೆ ಮಕ್ಕಳು ನನ್ನ ನದಿಯನ್ನು ಕೇಳಿದರು. ನಾನು ಹಗ್ಗ ತೆಗೆದುಕೊಂಡು ದಕ್ಷಿಣ ಪಿನಾಕಿನಿಯನ್ನು ಹಾಸಿದೆ. ನಂದಿ ಬೆಟ್ಟ, ಹೊಸೂರಿನ ಅಣೆಕಟ್ಟು, ಕೃಷ್ಣಗಿರಿ ಅಣೆಕಟ್ಟು. ಅಲ್ಲಿಂದ ಮುಂದಕ್ಕೆ ನನ್ನ ಕೈ ನಿಂತಿತು. ಕಡಲೂರಿನ ಹತ್ತಿರ ಸಮುದ್ರ ಸೇರುತ್ತದೆಂದು ಪುಸ್ತಕದಲ್ಲಿ ಓದಿ ವರ್ಷವೂ ಪಾಠ ಮಾಡಿದ್ದೆ, ನೋಡಿರಲಿಲ್ಲ. ಹೊಸೂರಿನ ಜಾಗದಲ್ಲಿ ಯಾವ ಬಟ್ಟಲು ಇಡಲಿ ಎಂದು ಸೋಫಿಯಾ ಸನ್ನೆಯಲ್ಲಿ ಕೇಳಿದಳು. ಮಳೆಗಾಲದಲ್ಲಿ ಕಾರ್ಖಾನೆ, ಚರಂಡಿಗಳ ಕೊಳೆಗೆ ನಮ್ಮ ಅಣೆಕಟ್ಟಿನಿಂದ ಬೆಳ್ಳಗೆ ನೊರೆ ಎದ್ದು ರಸ್ತೆಗೆ ಬರುವುದು ನೆನಪಾಯಿತು. ಕೈ ತೊಳೆಯುವ ಸೋಪಿನ ನೊರೆ ಮಾಡಿ ಇಟ್ಟೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ನಾಚಿಕೆಯಾಯಿತು.

ಕಮಾನುಗಳ ಬೀದಿ

ಆ ಊರಿನ ಬೀದಿಗಳಿಗೆ ಎರಡೂ ಕಡೆ ಕಮಾನು, ಕಂಬಗಳ ಸಾಲು. ಅದರಡಿ ಮಳೆ ಬಿಸಿಲು ತಾಗದಂತೆ ನಡೆದು ಹೋಗಬಹುದು. ಶಾಲೆಯಿಂದ ಈನೆಸ್ ಅಜ್ಜಿಯ ಮನೆಗೆ ಹತ್ತು ನಿಮಿಷದ ದಾರಿ. ಸೋಫಿಯಾಳ ಮನೆಯೂ ಅದೇ ಬೀದಿಯಲ್ಲಿ. ಎರಡನೇ ವಾರದ ಒಂದು ಮಧ್ಯಾಹ್ನ, ಇಂದು ನಾನೇ ಇವರನ್ನು ಕರೆದುಕೊಂಡು ಹೋಗುತ್ತೇನೆ ಎಂದು ಸೋಫಿಯಾ ಹಠ ಹಿಡಿದಳು. ಮಾರ್ತಾ ಅವಳ ತಾಯಿಗೆ ಫೋನು ಮಾಡಿ ಕೇಳಿ, ಸರಿ ಎಂದಳು.

ಅಷ್ಟು ದಟ್ಟವಾದ ಮಂಜನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಸೋಫಿಯಾ ಬಿಳಿ ಕೋಲಿನಿಂದ ಕಂಬಗಳನ್ನು ತಟ್ಟಿ ಎಣಿಸುತ್ತ ನಡೆದಳು. ನನ್ನ ಕಣ್ಣಿಗೆ ಏನೂ ಕಾಣದ ಈ ಊರಿನಲ್ಲಿ ದಾರಿ ತೋರುವವಳು ಇವಳೇ ಎಂದುಕೊಂಡು ನಾನು ನಿಶ್ಚಿಂತೆಯಿಂದ ಹಿಂದೆ ಹೋದೆ. ಸ್ವಲ್ಪ ಹೊತ್ತಿನಲ್ಲಿ ಅವಳ ಹೆಜ್ಜೆ ನಿಧಾನವಾಯಿತು. ನಿಂತಳು. ತಲೆ ವಾಲಿಸಿ ಆಲಿಸಿದಳು. ಮಂಜು ಸದ್ದನ್ನೂ ನುಂಗುತ್ತದೆ ಎಂದು ನನಗೆ ಹೊಳೆದದ್ದು ಆಗ. ಗಂಟೆಗೋಪುರ ಯಾವ ಕಡೆ, ಬ್ರೆಡ್ ಅಂಗಡಿ ಯಾವ ಕಡೆ, ಅವಳಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಅಳುತ್ತ ನನ್ನ ಸೆರಗು ಹಿಡಿದುಕೊಂಡಳು. ನನಗೆ ಅವಳ ಭಾಷೆಯಲ್ಲಿ ಸಮಾಧಾನದ ಒಂದು ಮಾತೂ ಬಾರದು. ಶಾಲೆಯಲ್ಲಿ ಬಿದ್ದ ಮಕ್ಕಳಿಗೆ ಹೇಳುವಂತೆ ಕನ್ನಡದಲ್ಲೇ, ಏನೂ ಆಗಿಲ್ಲ ಕಣಮ್ಮ, ಏನೂ ಆಗಿಲ್ಲ ಎನ್ನುತ್ತ ಬೆನ್ನು ಸವರಿದೆ.

ಇಬ್ಬರೂ ಗೋಡೆ ಹಿಡಿದು ನಡೆದು ಒಂದು ಸೈಕಲ್ ರಿಪೇರಿ ಅಂಗಡಿಯೊಳಗೆ ಹೊಕ್ಕೆವು. ಅಂಗಡಿಯವನು ಸೋಫಿಯಾಳ ಮನೆಗೆ ಫೋನು ಮಾಡಿದ. ತಾಯಿ ಓಡುತ್ತ ಬಂದಳು, ಜೊತೆಗೆ ಸೆಲ್ವಿ. ನನಗೆ ಚೆನ್ನಾಗಿ ಬೈಸಿಕೊಳ್ಳಬೇಕೆಂದೇ ಅನ್ನಿಸಿತ್ತು. ನನ್ನದು ತಪ್ಪಾಯಿತು, ಕಣ್ಣು ಕಾಣದ ಮಗುವನ್ನು ನಂಬಿಕೊಂಡು ಹೊರಟೆ ಎಂದು ಸೆಲ್ವಿಗೆ ಹೇಳಿದೆ. ಸೆಲ್ವಿ ಅದನ್ನು ಆಕೆಗೆ ಹೇಳಿದಳು. ತಾಯಿ ಮಗಳ ಕೆನ್ನೆ ಒರೆಸುತ್ತಲೇ ಉತ್ತರ ಕೊಟ್ಟಳು.

“ಬೇರೆ ಮಕ್ಕಳೂ ದಾರಿ ತಪ್ಪುತ್ತಾರೆ. ಇವಳಿಗೂ ತಪ್ಪುವ ಸರದಿ ಬರಲಿ. ಹುಡುಕುವುದು ನಮ್ಮ ಕೆಲಸ ಅಂತಾರೆ, ಅಕ್ಕಾ,” ಎಂದು ಸೆಲ್ವಿ ತಮಿಳಿನಲ್ಲಿ ಹೇಳಿದಳು.

ಸೈಕಲ್ ಅಂಗಡಿಯವನು ಸೋಫಿಯಾಳ ಕೈಗೆ ಒಂದು ಬೆಲ್ ಕೊಟ್ಟ. ಮನೆ ಸೇರುವವರೆಗೂ ಅವಳು ಅದನ್ನು ಬಾರಿಸುತ್ತಲೇ ಇದ್ದಳು.

ಭಾನುವಾರ

ಭಾನುವಾರ ಮಧ್ಯಾಹ್ನ ಊರೇ ಮಲಗಿದಂತಿರುತ್ತಿತ್ತು. ಈನೆಸ್ ಅಜ್ಜಿ, ಸೆಲ್ವಿ, ನಾನು ಅಡುಗೆಮನೆಯ ಒಲೆಯ ಮುಂದೆ ಕೂತಿದ್ದೆವು. ದಾರಿ ತಪ್ಪಿದ ಕತೆಯನ್ನು ಸೆಲ್ವಿ ಅಜ್ಜಿಗೆ ಹೇಳಿದಳು. ಅಜ್ಜಿ ನಗುತ್ತಾರೆಂದುಕೊಂಡೆ. ಅವರು ಎದ್ದು ಬೀರುವಿನಿಂದ ಒಂದು ಫೋಟೋ ತಂದರು. ಇಬ್ಬರು ಪುಟ್ಟ ಹುಡುಗಿಯರು. ಒಬ್ಬಳು ಈನೆಸ್. ಇನ್ನೊಬ್ಬಳು ತಂಗಿ ಲೀನಾ, ಮುಖ ಕ್ಯಾಮೆರಾದ ಕಡೆಗೆ ಇರಲಿಲ್ಲ.

ಅಜ್ಜಿ ನಿಧಾನವಾಗಿ ಹೇಳಿದರು, ಸೆಲ್ವಿ ತಮಿಳಿಗೆ ತಂದಳು. ಲೀನಾಗೆ ಕಣ್ಣು ಕಾಣುತ್ತಿರಲಿಲ್ಲ. ಆ ಕಾಲದಲ್ಲಿ ಅಂಥ ಮಕ್ಕಳನ್ನು ಬೇರೆಯೇ ಸಂಸ್ಥೆಗಳಿಗೆ ಕಳಿಸುತ್ತಿದ್ದರು. ಎಲ್ಲರೂ ಒಂದೇ ಶಾಲೆಗೆ ಎಂಬ ಕಾನೂನು ಬಂದದ್ದು ಎಷ್ಟೋ ವರ್ಷಗಳ ಮೇಲೆ, ಎಪ್ಪತ್ತರ ದಶಕದಲ್ಲಿ. ಲೀನಾಳನ್ನು ಏಳನೇ ವಯಸ್ಸಿಗೆ ಕಳಿಸಿದರು. ಅಲ್ಲಿ ಯಾರೂ ಅವಳನ್ನು ಕೆಟ್ಟದಾಗಿ ನೋಡಿಕೊಳ್ಳಲಿಲ್ಲ. ಓದು ಕಲಿತಳು, ಪಿಯಾನೋ ಕಲಿತಳು, ಟೆಲಿಫೋನ್ ಆಪರೇಟರ್ ಆಗಿ ತನ್ನ ಕಾಲ ಮೇಲೆ ನಿಂತಳು. ಬೇಸಿಗೆಯಲ್ಲಿ ಮನೆಗೆ ಬರುತ್ತಿದ್ದಳು.

“ಅವಳು ಬಂದರೆ ಅಮ್ಮ ಒಳ್ಳೆಯ ತಟ್ಟೆಗಳನ್ನು ಹೊರಗೆ ತೆಗೆಯುತ್ತಿದ್ದಳು,” ಎಂದರು ಅಜ್ಜಿ. “ನೆಂಟರಿಗೆ ತೆಗೆಯುವ ತಟ್ಟೆ. ನಮಗೆ ಅದು ಪ್ರೀತಿ. ಅವಳಿಗೆ ಅದು ಏನಾಗಿತ್ತೆಂದು ನಾನು ಕೇಳಲಿಲ್ಲ. ಈ ಮನೆಗೆ ಎಷ್ಟು ಮೆಟ್ಟಿಲು ಎಂದು ಅವಳಿಗೆ ಕೊನೆಯವರೆಗೂ ನೆನಪು ನಿಲ್ಲಲಿಲ್ಲ.”

ಒಲೆಯಲ್ಲಿ ಸೌದೆ ಚಟಪಟ ಎಂದಿತು. ನಾನು ಮನೆಯ ಮೆಟ್ಟಿಲುಗಳನ್ನು ಮನಸ್ಸಿನಲ್ಲೇ ಎಣಿಸಲು ನೋಡಿದೆ. ಲೆಕ್ಕ ತಪ್ಪುತ್ತಿತ್ತು. ಆಲಸನತ್ತಂನ ನನ್ನ ಮನೆಯದು ಬರುತ್ತಿತ್ತು, ಶಾಲೆಯದು ಬರುತ್ತಿತ್ತು, ಒಮ್ಮೆಯೂ ಒಳಗೆ ಹೋಗಿರದ ಮುನಿರತ್ನಮ್ಮನ ಮನೆಯ ಹೊಸ್ತಿಲು ಬರುತ್ತಿತ್ತು.

ಫೋನಿನ ಅಂಗಡಿ

ದೂರದ ದೇಶಗಳಿಗೆ ಮಾತಾಡಲು ಸ್ಟೇಷನ್ನಿನ ಬಳಿ ಒಂದು ಅಂಗಡಿ ಇತ್ತು. ನಮ್ಮ ಎಸ್‌ಟಿಡಿ ಬೂತಿನಂತೆಯೇ ಗಾಜಿನ ಗೂಡುಗಳು. ಸೋಮವಾರ ಅಲ್ಲಿಂದ ನಮ್ಮ ಯಜಮಾನರಿಗೆ ಫೋನು ಮಾಡಿದಾಗ ಅವರು, ಮುನಿರತ್ನಮ್ಮ ಮನೆಗೆ ಬಂದಿದ್ದಳು ಎಂದರು. ಹಾಸ್ಟೆಲಿನಲ್ಲಿ ಈಗಲೇ ಒಂದು ಜಾಗ ಖಾಲಿಯಾಗಿದೆಯಂತೆ, ಸಂಕ್ರಾಂತಿಯವರೆಗೆ ಕಾಯುವುದು ಬೇಡವಂತೆ, ಗುರುವಾರ ಮಗುವನ್ನು ಬಿಟ್ಟು ಬರುತ್ತಾಳಂತೆ. ನಾನು ಊರು ಸೇರುವುದು ಅದಾದ ಆರು ದಿನಕ್ಕೆ.

ಗುಲಾಬಿ ತೋಟದ ಆಫೀಸಿನ ನಂಬರು ಹುಡುಕಿಸಿ, ಮರುದಿನ ನಡುಹಗಲಿಗೆ ಮತ್ತೆ ಹೋದೆ. ನಮ್ಮ ಕಡೆ ಅದು ಹೆಂಗಸರು ಕೆಲಸ ಬಿಡುವ ಸಂಜೆಯ ಹೊತ್ತು. ಮುನಿರತ್ನಮ್ಮ ಫೋನಿಗೆ ಬಂದಳು. ಗಾಬರಿಯಾಗಿದ್ದಳು.

“ಟೀಚರಮ್ಮ, ಉಸಾರಾಗಿದ್ದೀರಾ?”

ನಾನು ಬರುವವರೆಗೆ ಪವಿತ್ರಳನ್ನು ಕಳಿಸಬೇಡ, ನಾನು ಹೇಳಿದ್ದು ತಪ್ಪು ಎಂದೆ. ದೂರದಲ್ಲಿ ಯಾವುದೋ ಪಂಪಿನ ಸದ್ದು ಕೇಳುತ್ತಿತ್ತು.

“ನೀವೇ ತಾನೆ ಯೋಳಿದ್ದು,” ಎಂದಳು ಆಮೇಲೆ. “ಮೊಗೀಗೆ ಯೋಳ್ಬುಟ್ಟಿವ್ನಿ. ಬ್ಯಾಗ್ ತಬ್ಕಂಡ್ ಕುಂತವ್ಳೆ. ತಪ್ಪು ಅಂತ ಅಷ್ಟ್ ದೂರ ವೋದ್ಮೇಲೆ ಗೊತ್ತಾಯ್ತಾ?”

“ಹೂಂ, ಮುನಿರತ್ನಮ್ಮ.”

“ಇಲ್ಲೇ ಮಡಿಕಂಡ್ರೆ ನೀವೇನ್ ಮಾಡ್ತೀರ? ಮತ್ತೆ ಮುಂದಿನ ಸಾಲ್ನಾಗೆ ಕುಂಡ್ರಿಸ್ತೀರ, ಅಷ್ಟೇ ತಾನೆ? ಅಲ್ಲಾದ್ರೆ ಓದಾದ್ರೂ ಬತ್ತದೆ.”

ಹಗ್ಗದ ನದಿಯ ಕತೆಯನ್ನು ಆ ಫೋನಿನಲ್ಲಿ ಹೇಗೆ ಹೇಳಲಿ? “ನನಗೆ ಬರಲ್ಲ, ಕಲೀತೀನಿ,” ಎಂದೆ. “ಪರೀಕ್ಷೆವರೆಗೆ ಟೈಮ್ ಕೊಡು. ಅಷ್ಟರಲ್ಲಿ ಅವಳಿಗೆ ಓದೋದು ಬರದಿದ್ರೆ ನಾನೇ ನಿನ್ನ ಜೊತೆ ಬಂದು ಸೇರಿಸ್ತೀನಿ.”

“ನೋಡ್ತೀನಿ” ಎಂದು ಅವಳು ಫೋನು ಇಟ್ಟಳು. ಹೊರಗೆ ಬಂದರೆ ಸ್ಟೇಷನ್ನು, ರಸ್ತೆ, ಮರ ಎಲ್ಲ ಮಂಜಿನಲ್ಲಿ ಅಳಿಸಿಹೋಗಿದ್ದವು. ಒಂದು ರೈಲು ಕಾಣದೆಯೇ ಬಂದು, ಕಾಣದೆಯೇ ಹೊರಟಿತು.

ಉಳಿದ ದಿನಗಳಲ್ಲಿ ನಾನು ಮಾರ್ತಾಳನ್ನು ಪೀಡಿಸಿದೆ. ಅಕ್ಷರ ಹೇಗೆ, ಲೆಕ್ಕ ಹೇಗೆ, ಚಿತ್ರ ಹೇಗೆ, ಬೇಗ ಕಲಿಯುವವರಿಗೆ ಬೇಸರ ಬಾರದಂತೆ ಹೇಗೆ. ಅವಳ ಕ್ಲಾಸಿನಲ್ಲೂ ಕೆಡುವ ಪಾಠಗಳಿದ್ದವು, ಮಕ್ಕಳು ಕಿತ್ತಾಡಿದ ದಿನಗಳಿದ್ದವು. ಜೊತೆಗೆ ಇನ್ನೊಬ್ಬ ಶಿಕ್ಷಕಿಯಿದ್ದರೂ ಅವಳಿಗೆ ಸುಸ್ತಾಗುತ್ತಿತ್ತು. ಅದನ್ನೆಲ್ಲ ನೋಡಿದ ಮೇಲೆ ನನಗೆ ಧೈರ್ಯ ಹೆಚ್ಚಿತು.

ಮತ್ತೆ ಶಾಲೆ

ಬಂದ ಮರುದಿನವೇ ಬಸ್ಸು ಹತ್ತಿದೆ. ಶಾಲೆಯ ಬಾಗಿಲಲ್ಲಿ ನಿಂತು ಒಳಗೆ ನೋಡಲು ಹೆದರಿಕೆಯಾಯಿತು. ಪವಿತ್ರ ಇದ್ದಳು. ಮುನಿರತ್ನಮ್ಮ ಕಾದಿದ್ದು ನನ್ನ ಮುಖವನ್ನೇ ನೋಡಿ, “ಪರೀಕ್ಷೆವರ್ಗೂ ನೋಡ್ತೀನಿ ಟೀಚರಮ್ಮ” ಎಂದಷ್ಟೇ ಹೇಳಿ ತೋಟಕ್ಕೆ ಹೋದಳು.

ನನ್ನ ಮೊದಲ ಪಾಠ ಹಾಳಾಯಿತು. ಅಂಗಳದಲ್ಲಿ ಹಗ್ಗ ಹಾಸಿ ಪಿನಾಕಿನಿ ಮಾಡಿದೆ. ಉಳಿದ ಮಕ್ಕಳನ್ನು ಸುತ್ತ ನಿಲ್ಲಿಸಿ, ಪವಿತ್ರಳ ಕೈ ಹಿಡಿದು ಹಗ್ಗದ ಮೇಲೆ ನಡೆಸಿದೆ. ನಾಲ್ಕು ಹೆಜ್ಜೆಗೆ ಅವಳು ಕೈ ಕಿತ್ತುಕೊಂಡಳು. “ನಂಗೊಬ್ಳಿಗೇ ಯಾಕೆ ಟೀಚರ್?” ಎಂದಳು. ಮಂಜಿನ ಊರಿನಲ್ಲಿ ಇಪ್ಪತ್ತೊಂದು ದಿನ ನೋಡಿದ್ದನ್ನು ಒಂದೇ ಪ್ರಶ್ನೆಯಲ್ಲಿ ಕೇಳಿದ್ದಳು. ಮರುದಿನ ಎಲ್ಲರ ಚಪ್ಪಲಿಯೂ ಹೊರಗೆ, ಎಲ್ಲರೂ ನದಿಯೊಳಗೆ. ಗದ್ದಲಕ್ಕೆ ನಮ್ಮ ಶಾಲೆಯ ಹೆಡ್‌ಮಾಸ್ಟರು ಎದ್ದು ಬಂದರು.

ಹುಣಸೆ ಬೀಜದಲ್ಲಿ ಅಕ್ಷರ ಜೋಡಿಸಿ ಬೆರಳಿನಿಂದ ಓದುವ ಆಟ ಶುರು ಮಾಡಿದೆ. ಎರಡು ವರ್ಷದಿಂದ ಒಂದಕ್ಷರವೂ ಹತ್ತದ ಒಬ್ಬ ಹುಡುಗಿಗೆ, ಕಣ್ಣು ಚೆನ್ನಾಗಿಯೇ ಇದ್ದ ಹುಡುಗಿಗೆ, ಆ ಬೀಜಗಳಿಂದ ಓದು ಹತ್ತಿತು. ನಾನು ಅವಳಿಗಾಗಿ ಅದನ್ನು ಮಾಡಿರಲಿಲ್ಲ.

ಹೊಸೂರಿನ ಕಡೆಯಿಂದ ವಾರಕ್ಕೊಮ್ಮೆ ಒಬ್ಬ ವಿಶೇಷ ಶಿಕ್ಷಕಿ ಬರುತ್ತಿದ್ದರು. ಹಿಂದೆಲ್ಲ ಅವರನ್ನೂ ಪವಿತ್ರಳನ್ನೂ ಮರದಡಿಗೆ ಕಳಿಸಿ ನನ್ನ ಪಾಠ ಮುಂದುವರಿಸುತ್ತಿದ್ದೆ. ಈಗ ಅವರನ್ನು ಕ್ಲಾಸಿನೊಳಗೆ ಕರೆದೆ. ಅವರಿಗೆ ತಮಿಳು ಬ್ರೈಲ್ ಮಾತ್ರ ಗೊತ್ತಿತ್ತು. ಕನ್ನಡಕ್ಕೆ ಏನು ಮಾಡುವುದೆಂದು ನಾನು ಕೈಚೆಲ್ಲಿದೆ. ಅವರು ನಕ್ಕು, ಚುಕ್ಕಿಗಳಲ್ಲಿ ತಮಿಳಿನ ಕ, ತೆಲುಗಿನ ಕ, ಕನ್ನಡದ ಕ ಮೂರೂ ಒಂದೇ ಎಂದರು. ನಾನು ನಂಬದೆ ಬೆರಳಿಟ್ಟು ನೋಡಿದೆ. ನಮ್ಮ ಊರಿನ ಮೂರು ಭಾಷೆಗಳೂ ಬೆರಳ ತುದಿಯಲ್ಲಿ ಒಂದೇ ಆಗಿದ್ದವು. ಮೂರು ತಿಂಗಳಲ್ಲಿ ಪವಿತ್ರ ಚುಕ್ಕಿ ಓದಿದಳು, ನನಗಿಂತ ಬೇಗ. ಪರೀಕ್ಷೆ ಬಂತು, ಹೋಯಿತು. ಹಾಸ್ಟೆಲಿನ ಮಾತನ್ನು ಮುನಿರತ್ನಮ್ಮ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ವರ್ಷ ನಾಲ್ಕನೇ ಕ್ಲಾಸೂ ನನ್ನ ಪಾಲಿಗೆ ಬಂತು; ಆ ವರ್ಷದ ಒಂದು ದಿನವನ್ನು ಹೇಳಿ ಮುಗಿಸುತ್ತೇನೆ. ಏಳರ ಮಗ್ಗಿಯನ್ನು ಮನೆಯಲ್ಲಿ ಬರೆದು ತರಲು ಎಲ್ಲರಿಗೂ ಹೇಳಿದ್ದೆ. ಪವಿತ್ರ ಚುಕ್ಕಿಯಲ್ಲಿ ಬರೆದು ತರಬೇಕಿತ್ತು. ನಾಲ್ಕು ಜನ ತಂದಿರಲಿಲ್ಲ, ಅವಳೂ ಒಬ್ಬಳು. ನಾನು ನಾಲ್ವರನ್ನೂ ನಿಲ್ಲಿಸಿ ಗದರಿದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು, ಕಣ್ಣಲ್ಲಿ ನೀರಿತ್ತು.

ಸಂಜೆ ಮುನಿರತ್ನಮ್ಮ ಕರೆದೊಯ್ಯಲು ಬಂದಾಗ ನಾನು ಜಗಲಿಯಲ್ಲಿದ್ದೆ. ಏನೆನ್ನುವಳೋ ಎಂದು ಕಾದೆ. ಪವಿತ್ರ ತಾಯಿಯ ಸೆರಗು ಹಿಡಿದು, ಗೇಟಿನಲ್ಲಿದ್ದ ಎಲ್ಲ ಮಕ್ಕಳಿಗೂ ಕೇಳುವಂತೆ ಹೇಳಿದಳು:

“ಅಮ್ಮ, ಇವತ್ತು ಟೀಚರ್ ನನ್ನೂ ಬೈದ್ರು.”

ಮುನಿರತ್ನಮ್ಮ ನಿಂತಳು. ನನ್ನ ಕಡೆ ನೋಡಿದಳು. ಆಮೇಲೆ ಮಗಳ ಕಡೆ ಬಾಗಿ, ಏನು ಬರೆದು ತಂದಿರಲಿಲ್ಲ ಎಂದು ಕೇಳಿದಳು. ಇಬ್ಬರೂ ಗುಲಾಬಿ ತೋಟದ ಬೇಲಿಯ ಪಕ್ಕ ನಡೆದು ಹೋದರು. ತಾಯಿಗೆ ಮಗ್ಗಿ ಬಾರದು, ಮಗಳು ಹೇಳುತ್ತಿದ್ದಳು. ಏಳೆಂಟ್ಲ ಎಂದವಳು ತಡವರಿಸಿ ಐವತ್ತೈದು ಎಂದದ್ದು ನನಗೆ ಜಗಲಿಯವರೆಗೂ ಕೇಳಿಸಿತು. ನಾಳೆ ಅದಕ್ಕೂ ಬೈಯಬೇಕು ಎಂದುಕೊಂಡು ಚೀಲ ಎತ್ತಿಕೊಂಡೆ.